ದೊಡ್ಡಮ್ಮ ಓಡಿಸದೆ ಬಿಟ್ಟ ಕಾರು

ಸ್ಟೇರಿಂಗ್ ಹಿಡಿಯುವ ಮುಂಚೆ ದೊಡ್ಡಮ್ಮ ಎರಡೂ ಕೈಯ ಬಳೆಗಳನ್ನು ಮೊಣಕೈ ಹತ್ತಿರದವರೆಗೂ ಏರಿಸಿ, ಜಾರದ ಹಾಗೆ ಅಲ್ಲೇ ಬಿಗಿಯಾಗಿ ಕೂರಿಸುತ್ತಿದ್ದಳು. ಕಾರಿಳಿದ ಮೇಲೂ ಅಲ್ಲಿ ಕೆಂಪು ಗೆರೆಗಳು ಉಳಿದಿರುತ್ತಿದ್ದವು. ನಮ್ಮಮ್ಮನ ಅಕ್ಕ ಅವಳು. ತುಮಕೂರಿನ ಸದಾಶಿವನಗರದ ಮನೆಯಿಂದ ಗುಬ್ಬಿಯ ಹೈಸ್ಕೂಲಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಹೋಗಿ ಬಂದ ಟೀಚರ್. ಮಂಡಿನೋವು ಶುರುವಾದಾಗ, ಐವತ್ತು ದಾಟಿದವಳು, ಯಾರನ್ನೂ ಕೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ದೊಡ್ಡಪ್ಪನ ಆಫೀಸು ಮನೆಗೆ ಹತ್ತಿರ. ಹಾಗಾಗಿ ವಾರವೆಲ್ಲ ಕಾರು ಅವಳದೇ.

ಓದಲೆಂದು ಅವರ ಮನೆಯಲ್ಲಿದ್ದ ನನಗೂ ಕಾರು ಕಲಿಸಿದ್ದು ಅವಳೇ. "ಕ್ಲಚ್ ಬಿಡೋದು ಅಂದ್ರೆ ಹಾಲು ಉಕ್ಕೋ ಹೊತ್ಗೆ ಉರಿ ಸಣ್ಣ ಮಾಡ್ದಂಗೆ ಕಣೇ, ದಡಬಡ ಅನ್ಬಾರ್ದು" ಅನ್ನುತ್ತಿದ್ದಳು. ಬೈಯುವುದರಲ್ಲೂ ಧಾರಾಳಿ. ಎದುರಿಗೆ ಬಸ್ಸು ನುಗ್ಗಿ ಬಂದರೆ ಅದರ ಡ್ರೈವರನ ವಂಶವನ್ನೆಲ್ಲ ವಿಚಾರಿಸಿಕೊಂಡು, ಆಮೇಲೆ ನನ್ನ ಕಡೆ ತಿರುಗಿ "ಇದನ್ನ ನೀನ್ ಕಲೀಬೇಡ" ಅನ್ನುತ್ತಿದ್ದಳು.

ಹುಲಿಯೂರುದುರ್ಗದಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಕಾರು ದೊಡ್ಡಪ್ಪನ ಕೈಯಲ್ಲಿತ್ತು. ನಾನು ಹಿಂದೆ ಕೂತಿದ್ದೆ. ಕುಣಿಗಲ್ ಇನ್ನೂ ದೂರವಿರುವಾಗಲೇ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕುವ ಆತುರದಲ್ಲಿ ಕಾರನ್ನು ದೊಡ್ಡ ಗುಂಡಿಗೆ ಇಳಿಸಿಬಿಟ್ಟರು. ಆ ಸದ್ದಿಗೆ ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಏನೂ ಆಗಿಲ್ಲ" ಅಂದರು ದೊಡ್ಡಪ್ಪ. ಮಾರನೆಯ ದಿನವೇ ದೊಡ್ಡಮ್ಮ, "ರೀ, ಗಾಡಿ ಎಡಕ್ಕೆ ಎಳೀತಾ ಐತೆ" ಅಂದಳು. "ನಿಂಗೆ ನೆಟ್ಟಗೆ ಹಿಡ್ಕಳಕ್ಕೆ ಬರಲ್ಲ" ಎಂದು ಉತ್ತರ ಬಂತು.

ಕೆಲವು ತಿಂಗಳಿಗೆ ಮುಂದಿನ ಟೈರುಗಳು ಸವೆದವು. ಹೊಸದು ಹಾಕಿಸಲು ಮೂವರೂ ಅಂಗಡಿಗೆ ಹೋದೆವು. ದೊಡ್ಡಮ್ಮ ನೋಯುವ ಮಂಡಿಯಲ್ಲೇ ಚಕ್ರದ ಪಕ್ಕ ಕೂತು, ರಾಗಿ ಹಿಟ್ಟಿನ ನಯ ನೋಡುವ ಹಾಗೆ ಟೈರಿನ ಮೇಲೆ ಕೈಯಾಡಿಸಿದಳು. "ಗಾಳಿ ಕಮ್ಮಿ ಇದ್ದಿದ್ರೆ ಎರಡೂ ಅಂಚು ಸವೀತಿತ್ತು, ಜಾಸ್ತಿ ಇದ್ದಿದ್ರೆ ನಡುಮಧ್ಯ. ಇದು ಒಳಗಡೆ ಅಂಚು ಮಾತ್ರ ಬೋಳಾಗೈತೆ" ಅಂದಳು.

"ಮೇಡಂ ಹೇಳೋದು ಸರಿ ಸಾರ್. ಎಲ್ಲಾದ್ರೂ ಗುಂಡಿಗೆ ಬಿಟ್ಟಿದ್ರಾ?" ಅಂದ ಅಂಗಡಿಯವನು. "ಚಕ್ರ ಸೊಟ್ಟಗಾಗೈತೆ, ಮೊದ್ಲು ವೀಲ್ ಅಲೈನ್‌ಮೆಂಟ್ ಮಾಡ್ಸಿ. ಇಲ್ದಿದ್ರೆ ಹೊಸದೂ ಹಿಂಗೇ ಆಯ್ತದೆ."

"ಗುಂಡೀನೂ ಇಲ್ಲ ಏನೂ ಇಲ್ಲ. ಹೆಂಗಸ್ರು ಓಡ್ಸಿದ್ರೆ ಟೈರ್ ಉಳೀತವಾ? ಹೊಸದು ಹಾಕು ನೀನು" ಅಂದರು ದೊಡ್ಡಪ್ಪ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. "ಹುಲಿಯೂರುದುರ್ಗದಿಂದ ಬರ್ತಾ ನೀವೇ..." ಎಂದು ಬಾಯಿ ತೆರೆದ ನನ್ನನ್ನು ದೊಡ್ಡಪ್ಪ ಗದರಿಸಿ ಸುಮ್ಮನಾಗಿಸಿದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಬ್ಬಳೇ ಆಟೋ ಹತ್ತಿ ಮನೆಗೆ ಹೋದಳು. ಅವತ್ತಿನಿಂದ ಕೀ ದೊಡ್ಡಪ್ಪನ ಜೇಬು ಸೇರಿತು, ಅವಳು ಮತ್ತೆ ಬಸ್ ಸ್ಟ್ಯಾಂಡ್ ಸೇರಿದಳು.

ಹೊಸ ಟೈರುಗಳ ಒಳ ಅಂಚೂ ಬೋಳಾಯಿತು. ಅಷ್ಟು ದಿನ ಓಡಿಸಿದವರು ದೊಡ್ಡಪ್ಪ ಒಬ್ಬರೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವರದು. ಟೈರ್ ಕಂಪನಿಯನ್ನು ಬೈದುಕೊಂಡು, ಸದ್ದಿಲ್ಲದೆ ಅಲೈನ್‌ಮೆಂಟ್ ಮಾಡಿಸಿ ತಂದರು. ಕೀಯನ್ನು ಟಿವಿ ಪಕ್ಕದ ಮೊಳೆಗೆ ನೇತುಹಾಕಿದರು. ಅಷ್ಟೇ. ನನಗೆ ಖುಷಿಯಾಗಿ, "ತಗೋ ದೊಡ್ಡಮ್ಮ, ನಾಳೆಯಿಂದ ಕಾರಲ್ಲೇ ಹೋಗು" ಅಂದೆ.

"ಕೀ ವಾಪಸ್ ಕೊಟ್ರು. ಮಾತು ವಾಪಸ್ ತಗಂಡ್ರಾ?" ಅಂದಳು.

ರಿಟೈರ್ ಆಗುವವರೆಗೂ ಬಸ್ಸಿನಲ್ಲೇ ಓಡಾಡಿದಳು. ಅದು ಹಟವೆಂದು ಮನೆಯವರೆಲ್ಲ ಅಂದರು, ನಮ್ಮಮ್ಮನೂ ಅಂದಳು. ಇರಬಹುದು. ಆದರೆ ಅವಳ ಊದಿದ ಮಂಡಿಗೆ ಎಣ್ಣೆ ತಿಕ್ಕುವಾಗ ನನಗೆ ಸಿಟ್ಟು ಬರುತ್ತಿದ್ದದ್ದು ದೊಡ್ಡಪ್ಪನ ಮೇಲೆ ಮಾತ್ರ. ಈಗಲೂ ಆ ಸಿಟ್ಟು ಇಳಿದಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ತಿಥಿಯ ದಿನ ಅವಳ ಸ್ಕೂಲಿನವರು ಬಂದಿದ್ದರು. "ಪಾಪ, ಕೊನೇವರ್ಗೂ ಬಸ್ಸಲ್ಲಿ ನಿಂತ್ಕೊಂಡೇ ಬರೋರು" ಎಂದು ಒಬ್ಬರು ಕಣ್ಣೊರೆಸಿಕೊಂಡರು.

"ಕಾರಿತ್ತು. ಏನ್ ಮಾಡದು, ಅವ್ಳಿಗೆ ಡ್ರೈವಿಂಗ್ ಅಂದ್ರೆ ಭಯ" ಅಂದರು ದೊಡ್ಡಪ್ಪ.

ನನಗೆ ತಡೆಯಲಾಗಲಿಲ್ಲ. "ಭಯ ಅಲ್ಲ ದೊಡ್ಡಪ್ಪ. ಗುಂಡಿಗೆ ಬಿಟ್ಟೋರು ನೀವು, ಅನ್ನಿಸ್ಕೊಂಡೋಳು ಅವಳು" ಅಂದೆ. ಮನೆ ತುಂಬ ಜನ. ಅಮ್ಮ ನನ್ನ ತೋಳು ಹಿಡಿದು ಎಳೆದಳು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಯಾವ ಗುಂಡಿ?" ಅಂದರು. ಅವರು ನಾಟಕ ಆಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.