ಅವ್ವನ ಸೀರೆಯ ವಾಸನೆ

ಬೆಣ್ಣೆ ಕಾಯಿಸುತ್ತಿದ್ದೆ. ಒಲೆಯ ಮುಂದೆಯೇ ಕೂತಿದ್ದೆ. ಹಿತ್ತಲಿನಲ್ಲಿದ್ದ ಅತ್ತೆ ಓಡಿಬಂದು, ಸೆರಗಿನಲ್ಲಿ ಪಾತ್ರೆ ಹಿಡಿದು ಇಳಿಸಿದರು. ತುಪ್ಪ ಕರ್ರಗಾಗಿತ್ತು.

"ಸೀದ್ ವಾಸ್ನೆ ಬೀದಿಗಂಟ ಓಗೈತೆ. ಮೂಗೇನ್ ಸಂತೇಲ್ ಮಾರ್ಕೊಂಡ್ ಬಂದ್ಯಾ ಮಗಾ?"

ನನಗೆ ಯಾವ ವಾಸನೆಯೂ ಬಂದಿರಲಿಲ್ಲ.

ಐವತ್ತೇಳರ ಫ್ಲೂ ಹೊಳೆನರಸೀಪುರದಲ್ಲಿ ನಮ್ಮ ಮನೆಯನ್ನೂ ಬಿಡಲಿಲ್ಲ. ಜ್ವರ ಇಳಿದು, ಗಂಜಿಯಿಂದ ಅನ್ನಕ್ಕೆ ಬಂದಿದ್ದೆ. ಸಾರು ಸಪ್ಪೆ ಎನಿಸಿದರೆ ಬಾಯಿ ಕೆಟ್ಟಿದೆ ಎಂದುಕೊಂಡಿದ್ದೆ. ಈಗ ಕಾಫಿಪುಡಿಯ ಡಬ್ಬಿಗೆ ಮೂಗಿಟ್ಟೆ. ಇಂಗಿನ ಡಬ್ಬಿಗೆ. ಸೀಮೆಎಣ್ಣೆಯ ಸೀಸೆಗೆ.

ಏನೂ ಇಲ್ಲ.

ಟ್ರಂಕಿನ ನೆನಪಾಗಿ ಕೋಣೆಗೆ ಓಡಿದೆ. ತೀರಿಹೋದ ನನ್ನ ಅವ್ವ ಕೊನೆಗೆ ಉಟ್ಟಿದ್ದ ಸೀರೆ ಅದರಲ್ಲಿದೆ, ಒಗೆಯದೆ ಇಟ್ಟುಕೊಂಡಿದ್ದೆ. ಅವ್ವನ ಒಂದು ಫೋಟೋವೂ ಇಲ್ಲ. ಸೀರೆಗೆ ಮುಖ ಒತ್ತಿದರೆ ಸಾಕು, ಹಾಸನದ ಕಾನ್ವೆಂಟಿನ ಗೇಟಿನಲ್ಲಿ ನನ್ನನ್ನು ಬಿಟ್ಟು ಹೊರಡುವ ಮುನ್ನ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದ ಅವ್ವ, ಹಣೆಯ ಹಚ್ಚೆ, ಕಿವಿಯ ಓಲೆ ಸಮೇತ ಎದುರಿಗೆ ನಿಲ್ಲುತ್ತಿದ್ದಳು. ಜ್ವರದಲ್ಲೂ ಅದನ್ನೇ ಹೊದ್ದು ಮಲಗಿದ್ದೆ.

ಈಗ ಒತ್ತಿಕೊಂಡೆ. ಬರೀ ಬಟ್ಟೆ. ಅವ್ವನ ಮುಖ ಮೂಡಲಿಲ್ಲ.

ಇನ್ನೊಂದು ಭಯ ಹುಟ್ಟಿತು. ಜ್ವರ ಬಿಟ್ಟವರ ಹಾಸಿಗೆ ಬಟ್ಟೆಯನ್ನೆಲ್ಲ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುವುದು ನಮ್ಮ ಮನೆಯ ಪದ್ಧತಿ. ಈ ಸೀರೆಯೂ ಹಂಡೆಗೆ ಬಿದ್ದಿತ್ತೇ? ಹೋಗಿದ್ದು ನನ್ನ ಮೂಗೋ, ಅವ್ವನೋ? ಅತ್ತೆಯನ್ನು ಕೇಳಲು ಧೈರ್ಯ ಬರಲಿಲ್ಲ.

ನಮ್ಮ ಯಜಮಾನರು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಒಳಗಿನ ನರ್ವ್‌ಗೆ ಪೆಟ್ಟಾಗಿದೆಯಮ್ಮಾ. ಬಂದರೂ ಬರಬಹುದು. ಕಾಯಬೇಕು" ಎಂದರು.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿಬಿಟ್ಟೆ.

"ನಿಮ್ಮವ್ವುನ್ ಸೀರೆ ಒಗಿಯಕ್ಕೆ ನಂಗೇನ್ ತಲೆ ಕೆಟ್ಟಿತ್ತಾ? ಬಿಸ್ಲಿಗೂ ಆಕ್ನಿಲ್ಲ ಕಣವ್ವ. ಅಂಗೇ ಮಡಚಿ ಮಡಗ್ದೆ. ತತ್ತಾ ಇಲ್ಲಿ."

ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ಒಲೆ ಒಗೆ ಐತೆ. ಅಳ್ಳೆಣ್ಣೆ ಐತೆ. ಅಯ್ಯೋ, ಒಗೆಸೊಪ್ಪೂ ಐತೆ! ಕಳ್ಳಿ ಕಣವ್ವ ನಿಮ್ಮವ್ವ!"

ನಗು ಬಂತು. ಜೊತೆಗೆ ಅಳುವೂ. ಗೇಟಿನಲ್ಲಿ ಸಿಸ್ಟರ್ ಕಂಡೊಡನೆ ಅವ್ವ ಹೊಗೆಸೊಪ್ಪನ್ನು ಬೇಲಿಯಾಚೆ ಉಗಿದು, ಅವಸರದಲ್ಲಿ ತುಟಿ ಒರೆಸಿಕೊಳ್ಳುತ್ತಿದ್ದಳು. ಅದನ್ನು ನಾನು ಮರೆತೇಬಿಟ್ಟಿದ್ದೆ. ಕಂದು ತುಟಿಯ ಆ ಮುಖ ಈಗ ಪೂರ್ತಿ ಬಂತು.

ಮೂಗು ಇನ್ನೂ ಬಂದಿಲ್ಲ. ತುಪ್ಪ ಕಾಯಿಸುವಾಗ ಅತ್ತೆ ಪಕ್ಕದಲ್ಲಿ ಕೂರುತ್ತಾರೆ. ಮನಸ್ಸು ತಡೆಯದಾದಾಗ ಟ್ರಂಕು ತೆಗೆದು, "ಅತ್ತೆ, ಇದೆಯಾ?" ಎನ್ನುತ್ತೇನೆ.

"ಐತೆ ಕಣವ್ವ. ಬ್ಯಾಗ್ನೆ ಮುಚ್ಚು, ವಾಸ್ನೆ ಆರೋದಾತು."