ಅಂಗಳ ದಾಟುವ ಮುಂಚೆ ಕೇಳಿದ್ದು

ಕಳೆದ ಶನಿವಾರ ನನ್ನ ಕಕ್ಷಿದಾರಳ ಕೇಸನ್ನು ನಾನೇ ಸೋಲಿಸಿದೆ. ಅದೂ ಅವಳ ಕಣ್ಣೆದುರಿಗೇ.

ಗಾಬರಿ ಬೀಳಬೇಡಿ, ನಿಜವಾದ ಕೋರ್ಟಿನಲ್ಲಲ್ಲ. ಸಿರ್ಸಿಯಲ್ಲಿ ನಮ್ಮಂಥ ವಕೀಲರಿಗೆಂದು ಎರಡು ದಿನದ ತರಬೇತಿ ಇತ್ತು. ಅಪೀಲು ಮೆಮೊ ಬರೆಯುವುದು ಹೇಗೆ, ಅಪೀಲಿನಲ್ಲಿ ಎದ್ದು ನಿಂತು ವಾದ ಮಾಡುವುದು ಹೇಗೆ ಎಂಬುದು ವಿಷಯ. (“ಹಾಗಾದರೆ ಇಷ್ಟು ವರ್ಷ ಕೋಟು ಹಾಕಿಕೊಂಡು ಹೋಗಿ ಏನು ಮಾಡ್ತಿದ್ದೆ?” ಎಂದು ಮನೆಯಲ್ಲಿ ಕೇಳಿದರು. ಕೇಳುವವರಿಗೇನು!)

ಆದರೆ ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ. ನಿಜವಾದ ವಾದ ಬರುವ ಮಂಗಳವಾರ ಇದೆ.

ಕೇಸು ಏನೆಂದು ಮೊದಲು ಹೇಳಿಬಿಡುತ್ತೇನೆ. (ಹೆಸರು, ಗುರುತು ಬದಲಿಸಿದ್ದೇನೆ. “ಬರೆಯಲಾ?” ಎಂದು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.) ನಾಗವೇಣಿ ಸಿದ್ದಾಪುರ ತಾಲೂಕಿನವಳು, ಬಿಳಗಿ ಕಡೆ. ಅವಳ ಮನೆಯಿಂದ ರಸ್ತೆಗೆ ಬರಬೇಕೆಂದರೆ ಪಕ್ಕದ ಮನೆಯ ಅಂಗಳದ ಅಂಚಿನಲ್ಲಿ ದಾಟಬೇಕು. ಅವಳ ಮಾವನ ಕಾಲದಿಂದಲೂ ಅದೇ ದಾರಿ. ಎತ್ತಿನ ಗಾಡಿ ಹೋಗಿದೆ, ಜೀಪು ಹೋಗಿದೆ, ಅವಳ ಮದುವೆಯ ದಿಬ್ಬಣವೂ ಅಲ್ಲೇ ಬಂದಿದೆ. ಆ ಮನೆಯ ಹಿರಿಯರು ತೀರಿಕೊಂಡರು. ಮಗ ಯಜಮಾನನಾದ. ಬೇಲಿಯ ಹಲಸಿನ ಮರದ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತಿತು. ಒಂದು ದಿನ ಕಬ್ಬಿಣದ ಗೇಟು ಬಂತು, ಅದಕ್ಕೊಂದು ಬೀಗವೂ ಬಂತು.

ಅದೇ ವರ್ಷ ನಾಗವೇಣಿಯ ಗಂಡ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಕಾಲಿನಲ್ಲಿ ಶಕ್ತಿಯಿಲ್ಲ. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು. ಮನೆ ಬಾಗಿಲಿಗೆ ಗಾಡಿ ಬರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಗವೇಣಿ ಒಂದು ಕಡೆ, ಮೈದುನ ಒಂದು ಕಡೆ ಹಿಡಿದುಕೊಂಡು, ಹಿಂದಿನ ಗದ್ದೆಯ ಹಾಳಿ, ಅಂದರೆ ಬದುವಿನ ಮೇಲೆ ನಡೆದು, ಮಂಜಜ್ಜ ಎಂಬ ಮುದುಕರ ಅಂಗಳ ದಾಟಿ ರಸ್ತೆಗೆ ತರುತ್ತಾರೆ. ಮಳೆಗಾಲದಲ್ಲಿ ಆ ಹಾಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕೇ? ಒಮ್ಮೆ ಕುರ್ಚಿಯ ಸಮೇತ ಮೂವರೂ ಗದ್ದೆಗೆ ಬಿದ್ದಿದ್ದಾರೆ.

ದಾರಿ ಬಿಡಿಸಿಕೊಡಿ ಎಂದು ಹಾಕಿದ ದಾವೆ ಕೆಳಗಿನ ಕೋರ್ಟಿನಲ್ಲಿ ವಜಾ ಆಯಿತು. ಕಾರಣ ಎರಡು. ಹೇಗೂ ಹಿಂದಿನ ದಾರಿ ಇದೆಯಲ್ಲ ಎಂಬುದು ಒಂದು. ಇನ್ನೊಂದು, ಮುಂದಿನ ದಾರಿಯಲ್ಲಿ ಇವರು ಓಡಾಡಿದ್ದು ಆ ಮನೆಯವರ ಅನುಮತಿಯಿಂದ, ಹಾಗಾಗಿ ಅದು ಹಕ್ಕಾಗುವುದಿಲ್ಲ ಎಂಬುದು.

ನಮ್ಮ ಕಾನೂನು ಹಾಗಿದೆ. ಬೇರೆಯವರ ಜಾಗದಲ್ಲಿ ನಿಮ್ಮದೇ ಹಕ್ಕು ಎಂಬಂತೆ ವರ್ಷಾನುಗಟ್ಟಲೆ ಓಡಾಡಿದರೆ ಅದು ಹಕ್ಕಾಗಬಹುದು. ಅವರನ್ನು ಕೇಳಿಕೊಂಡು ಓಡಾಡಿದರೆ ಎಷ್ಟೇ ವರ್ಷವಾದರೂ ಅದು ಅವರ ದೊಡ್ಡ ಮನಸ್ಸು, ಅಷ್ಟೇ. ವಿಚಿತ್ರ ಅನಿಸುತ್ತದಾ? ಕಾಲೇಜಿನಲ್ಲಿ ಓದುವಾಗ ನನಗೆ ಅನಿಸಿರಲಿಲ್ಲ, ಈಗ ಅನಿಸುತ್ತಿದೆ.

ಅನುಮತಿ ಇತ್ತೆಂದು ಕೋರ್ಟಿಗೆ ಗೊತ್ತಾದದ್ದು ಹೇಗೆ? ನಾಗವೇಣಿಯ ಬಾಯಿಂದಲೇ. ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ನಯವಾಗಿ ಕೇಳಿದರು, “ಗಾಡಿ ಒಯ್ಯುವ ಮುಂಚೆ ಆ ಮನೆಯವರನ್ನು ಕೇಳ್ತಿದ್ರಾ?” ಅವಳಿಗೆ ಅವಮಾನವೇ ಆಯಿತು. “ಕೇಳ್ದೇ ಹೋಗ್ತ್ವಾ?” ಎಂದಳು. ಅದು ದಾಖಲೆಯಲ್ಲಿ ಇಳಿದದ್ದು ಹೀಗೆ: “ನಾವು ಕೇಳಿಯೇ ಹೋಗುತ್ತಿದ್ದೆವು ಎಂದರೆ ಸರಿ.”

ನೀವೇ ಹೇಳಿ, ನಮ್ಮ ಕಡೆ ಯಾರಾದರೂ ಇನ್ನೊಬ್ಬರ ಅಂಗಳವನ್ನು ಮಾತಿಲ್ಲದೆ ದಾಟುತ್ತಾರೆಯೇ? ಅಲ್ಲಿ ಕಾಳುಮೆಣಸು ಒಣ ಹಾಕಿರುತ್ತಾರೆ, ಹಪ್ಪಳ ಹರವಿರುತ್ತಾರೆ. ಅಂಗಳದ ಅಂಚಿನಲ್ಲಿ ನಿಂತು “ದಾಟ್ಲಾ?” ಎಂದು ಕೂಗುತ್ತೇವೆ. ಒಳಗಿನಿಂದ “ದಾಟು, ದಾಟು, ಎಂತ ಕೇಳೂದು!” ಎಂದು ಕೂಗುತ್ತಾರೆ. ಎಷ್ಟೋ ಸಲ ಉತ್ತರ ಬರುವಷ್ಟರಲ್ಲಿ ದಾಟಿಯೂ ಆಗಿರುತ್ತದೆ. ಸ್ವಂತ ಅಣ್ಣನ ಮನೆಯ ಅಂಗಳವಾದರೂ ಕೇಳುತ್ತೇವೆ. ಬಾಯಿಬಿಡದೆ ದಾಟಿದವರನ್ನು ಮನೆಯ ನಾಯಿಯೂ ಸುಮ್ಮನೆ ಬಿಡುವುದಿಲ್ಲ.

ಈ ಉತ್ತರದಿಂದಲೇ ಸೋತದ್ದು ಎಂದು ನಾನು ನಾಗವೇಣಿಗೆ ಹೇಳಿರಲಿಲ್ಲ. “ಜಡ್ಜು ಒಪ್ಪಲಿಲ್ಲ, ಅಪೀಲು ಹಾಕುವ” ಎಂದಿದ್ದೆ. ಗಂಡನನ್ನು ಕುರ್ಚಿಯಲ್ಲಿ ಹೊರುವವಳಿಗೆ ಇದನ್ನೂ ಯಾಕೆ ಹೊರಿಸಬೇಕು ಅನಿಸಿತ್ತು.

ಈಗ ತರಬೇತಿಗೆ ಬರೋಣ. ಕಲಿಸಲು ಬಂದವರು ಧಾರವಾಡದ ಹಿರಿಯ ವಕೀಲರು. ಮೆತ್ತಗಿನ ಮಾತು, ಕೈಯಲ್ಲೊಂದು ಗಂಟೆ. ಶುಕ್ರವಾರ ಮೊದಲು ಎದ್ದವನು ಯಲ್ಲಾಪುರದ ನಮ್ಮ ಗೆಳೆಯ ಸುಬ್ರಾಯ. ಅವನು ಒಳ್ಳೆಯ ತಾಳಮದ್ದಳೆ ಅರ್ಥಧಾರಿ, ಪುರಾಣದ ಪಾತ್ರವಾಗಿ ಕೂತು ಗಂಟೆಗಟ್ಟಲೆ ಮಾತಾಡುವವನು. ಕೇಳಬೇಕೇ? ಪೀಠಿಕೆ ಶುರುವಾಯಿತು. ನ್ಯಾಯವೆಂದರೇನು, ಭೂಮಿಯೆಂದರೇನು, ಮನುಷ್ಯನಿಗೂ ಭೂಮಿಗೂ ಸಂಬಂಧವೇನು... ಗಂಟೆ ಹೊಡೆಯಿತು.

“ವಕೀಲ್ರ, ಕೋರ್ಟಿನಿಂದ ನಿಮಗ ಏನ್ ಬೇಕಾಗೇತಿ, ಅದನ್ನ ಮೊದ್ಲ ಹೇಳ್ರಿ.”

“ಅದಕ್ಕೇ ಬರ್ತಾ ಇದ್ದೆ ಸರ್.”

“ನೀವು ಬರೂದ್ರಾಗ ಜಡ್ಜ್ ಸಾಹೇಬ್ರು ಊಟಕ್ಕ ಎದ್ದ್ರು.”

ಹಾಲ್ ತುಂಬ ನಗು. ನಾನೂ ನಕ್ಕೆ. ಆಮೇಲೆ ನನ್ನ ಸರದಿ ಬಂತು, ನಗು ನಿಂತಿತು.

ಬಾಕಿ ಇರುವ ಅಪೀಲೊಂದನ್ನು ಹೆಸರು ಅಳಿಸಿ ತರಲು ಹೇಳಿದ್ದರು. ನಾನು ನಾಗವೇಣಿಯದನ್ನೇ ಒಯ್ದಿದ್ದೆ. ಅವರು ನನ್ನ ಮೆಮೊ ತಿರುವಿ ಹಾಕಿದರು. ಇಪ್ಪತ್ತಕ್ಕೂ ಹೆಚ್ಚು ಆಧಾರ ಬರೆದಿದ್ದೆ, ಎಲ್ಲ ಭಾರಿ ಭಾರಿ ಶಬ್ದಗಳಲ್ಲಿ. ಅವರು ಕನ್ನಡಕ ತೆಗೆದು ಕೇಳಿದ್ದು ಒಂದೇ ಪ್ರಶ್ನೆ.

“ಮೇಡಂ, ನೀವು ಸೋಲೂದಾದ್ರ ಯಾವ ಮಾತಿನ ಮ್ಯಾಲೆ ಸೋಲ್ತೀರಿ?”

ಪಾಟಿ ಸವಾಲಿನ ಆ ಸಾಲು ತೋರಿಸಿದೆ.

“ಇದು ನಿಮ್ಮ ಮೆಮೊದಾಗ ಎಲ್ಲೈತಿ?”

ಎಲ್ಲಿಯೂ ಇರಲಿಲ್ಲ. ‘ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸಿಲ್ಲ’ ಎಂಬ ಒಂದು ಮಾಮೂಲಿ ಸಾಲಿನ ಕೆಳಗೆ ಅದನ್ನು ಹೂತು ಹಾಕಿದ್ದೆ. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡುವುದಿಲ್ಲ ಹೇಳಿ!

“ನೀವು ಮುಚ್ಚಿಟ್ರ ಎದುರಿನವ್ರು ಬಿಡ್ತಾರೇನ್ರಿ? ನಿಮ್ಮ ಕೇಸಿನ ಅತಿ ಕೆಟ್ಟ ಮಾತು ನಿಮ್ಮ ಮೊದಲ್ನೇ ಪುಟದಾಗ ಇರಬೇಕು. ನಾಳೆ ಒಂದ್ ಕೆಲಸ ಮಾಡ್ರಿ. ಎದುರಿನವ್ರ ಕಡೆ ನಿಂತು ವಾದ ಮಾಡ್ರಿ. ಅವಾಗ ಅದರ ತೂಕ ಗೊತ್ತಾಗ್ತೈತಿ.”

ಶನಿವಾರ ಮಾಡಿದೆ. ಕಲಿಸಿದ ಹಾಗೆಯೇ ಪೀಠಿಕೆಯಿಲ್ಲದೆ ಶುರು ಮಾಡಿದೆ. “ಮಹಾಸ್ವಾಮಿ, ಈ ಅಪೀಲಿಗೆ ಉತ್ತರ ಅಪೀಲುದಾರಳ ಒಂದೇ ಮಾತಿನಲ್ಲಿದೆ” ಎಂದು ಆ ಸಾಲು ಓದಿದೆ. “ಹಕ್ಕಿದ್ದವರು ಕೇಳುತ್ತಾರೆಯೇ? ನಮ್ಮ ಮನೆಯ ಹೊಸ್ತಿಲು ದಾಟುವಾಗ ನಾವು ಯಾರನ್ನಾದರೂ ಕೇಳುತ್ತೇವೆಯೇ? ಈಕೆ ಪ್ರತಿ ಸಲ ಕೇಳಿದ್ದಾಳೆ. ಏಕೆಂದರೆ ದಾರಿ ತನ್ನದಲ್ಲ ಎಂದು ಈಕೆಗೇ ಗೊತ್ತಿತ್ತು.”

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮಾತು ತಾನಾಗಿ ಬರುತ್ತಿತ್ತು. ಜಡ್ಜರಾಗಿ ಕೂತಿದ್ದ ಮೂವರು ಸಹೋದ್ಯೋಗಿಗಳು ಪರಸ್ಪರ ಮುಖ ನೋಡಿಕೊಂಡು, ಅಪೀಲು ವಜಾ ಎಂದರು. ಚಪ್ಪಾಳೆ ಬಿತ್ತು. ಸುಬ್ರಾಯ ಅಂತೂ ಎದ್ದು ನಿಂತು ತಟ್ಟಿದ.

ತಿರುಗಿ ನೋಡಿದರೆ, ಕೊನೆಯ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ನಾಗವೇಣಿ ಕೂತಿದ್ದಾಳೆ.

ಒಂದು ಸಹಿ ಬೇಕಿತ್ತು, ಊಟದ ಹೊತ್ತಿಗೆ ಬಾ ಎಂದು ನಾನೇ ಹೇಳಿದ್ದೆ. ಬಸ್ಸು ಬೇಗ ಸಿಕ್ಕಿತಂತೆ. ಬಾಗಿಲಲ್ಲಿ ಯಾರೋ “ಒಳಗೇ ಕೂತ್ಕಳಿ” ಎಂದರಂತೆ. ಹೆಸರು ಅಳಿಸಿದ್ದೆ ನಿಜ. ಆದರೆ ತಾನು ಆಡಿದ ಮಾತು ತನಗೆ ಗೊತ್ತಾಗದೇ ಇರುತ್ತದೆಯೇ?

ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಇದು ಬರೀ ತರಬೇತಿ, ತಾಳಮದ್ದಳೆಯಲ್ಲಿ ಎದುರು ಪಾರ್ಟು ಮಾಡುವ ಹಾಗೆ ಎಂದೆಲ್ಲ ಹೇಳಿದೆ. ಅವಳು ಬೈದುಬಿಟ್ಟಿದ್ದರೆ ವಾಸಿಯಿತ್ತು. ಸಿಟ್ಟೇ ಮಾಡಲಿಲ್ಲ.

“ಅದೆಲ್ಲ ಗೊತ್ತಿದ್ದು ವಕೀಲಕ್ಕ. ಆನು ಹೇಳಿದ್ದಕ್ಕೇ ಸೋತಿದ್ದಾ?”

“ಅದೊಂದೇ ಅಲ್ಲ ನಾಗವೇಣಿ, ಬೇರೆ ಬೇರೆ...”

“ಹೌದಾ, ಅಲ್ದಾ?”

“ಹೌದು.”

“ಹಂಗಾರೆ ಆನು ಸುಳ್ಳು ಹೇಳಕ್ಕಾಗಿತ್ತಾ? ಕೇಳದು ಒಂದು ಮರ್ಯಾದೆ ಅಲ್ದಾ? ಮಾವಯ್ಯ ಇಪ್ಪಾಗ್ಲೂ ಕೇಳೇ ಹೋಗ್ತಿದ್ದ.” ಆಮೇಲೆ ದನಿ ಇಳಿಸಿ, “ಕೋರ್ಟಲ್ಲಿ ಅವರ ವಕೀಲ್ರೂ ನಿಂಗಳ ಹಂಗೇ ಮಾತಾಡ್ತ್ರಾ?”

ನನಗಿಂತ ಚೆನ್ನಾಗಿಯೇ ಮಾತಾಡುತ್ತಾರೆ. ಅವರು ನನಗಿಂತ ಹದಿನೈದು ವರ್ಷ ಸೀನಿಯರು.

ಊಟದ ಸಾಲಿನಲ್ಲಿ ನನ್ನ ಮುಖ ನೋಡಿ ಧಾರವಾಡದ ಸರ್ ಹತ್ತಿರ ಬಂದರು. ಎಲ್ಲ ಹೇಳಿದೆ. ಅವರು ತಟ್ಟೆ ಹಿಡಿದುಕೊಂಡೇ ಕೇಳಿದರು, “ಆ ಹಿಂದಿನ ದಾರಿ ಅಂದ್ರಲ್ಲ, ಅಲ್ಲಿ ಹ್ಯಾಂಗ ಹೋಗ್ತಾರ? ಕೇಳಿ ಹೋಗ್ತಾರೋ, ಕೇಳದ ಹೋಗ್ತಾರೋ?”

ನನಗೆ ಥಟ್ಟನೆ ಹೊಳೆಯಿತು. ಕೇಳಿ ದಾಟಿದರೆ ಹಕ್ಕಿಲ್ಲ ಎನ್ನುವುದಾದರೆ ಮಂಜಜ್ಜನ ಅಂಗಳದಲ್ಲೂ ನಾಗವೇಣಿಗೆ ಹಕ್ಕಿಲ್ಲ. ಅಂದಮೇಲೆ ‘ಬೇರೆ ದಾರಿ ಇದೆ’ ಎಂದು ಕೋರ್ಟು ಹೇಳಿದ್ದು ಯಾವ ದಾರಿ? ಅದೂ ಒಬ್ಬ ಮುದುಕನ ದೊಡ್ಡ ಮನಸ್ಸೇ. ಅವರು ಬೇಡವೆಂದ ದಿನ ಈ ಮನೆಗೆ ದಾರಿಯೇ ಇಲ್ಲ! ಕೆಳಗಿನ ಕೋರ್ಟು ಕೊಟ್ಟ ಮೊದಲ ಕಾರಣವೇ ಬಿದ್ದುಹೋಗುತ್ತದೆ. ಭಾನುವಾರವಿಡೀ ಕೂತು ವಾದದ ಟಿಪ್ಪಣಿ ಹೊಸದಾಗಿ ಬರೆದೆ. ಅವಳ ಆ ಮಾತನ್ನು ಮೊದಲ ಪುಟದ ಮೊದಲ ಸಾಲಿನಲ್ಲೇ ಇಟ್ಟೆ. ‘ಹೌದು, ಕೇಳಿದ್ದಾಳೆ. ನಮ್ಮ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಹಿಂದಿನ ದಾರಿಯಲ್ಲೂ ಕೇಳುತ್ತಾಳೆ.’

ಓದಿ ನೋಡಿದರೆ ಚೆನ್ನಾಗಿತ್ತು. ಆದರೂ ಹೆದರಿಕೆ ಹೋಗಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಹೇಳಿಬಿಟ್ಟರೆ? ಜಡ್ಜು ತಿರುಗಿ ಪ್ರಶ್ನೆ ಹಾಕಿದರೆ? ಮಂಜಜ್ಜನೂ ಸಾಕ್ಷಿಯಲ್ಲಿ ‘ಪಾಪ, ಕೇಳಿಕೊಂಡೇ ಹೋಗುತ್ತಾರೆ’ ಎಂದಿದ್ದರು, ಆ ಸಾಲನ್ನು ಮತ್ತೆ ಮತ್ತೆ ತೆಗೆದು ಓದಿಕೊಂಡೆ. ಸಮಾಧಾನವಾಗದೆ ನಿನ್ನೆ ನಾಗವೇಣಿಗೇ ಫೋನು ಮಾಡಿದೆ.

“ಹಿಂದಿನ ದಾರಿಯಲ್ಲಿ ಹೋಗುವಾಗ ಮಂಜಜ್ಜನ್ನ ಕೇಳಿಯೇ ಹೋಗ್ತೀರಲ್ಲ?”



“ಕೇಳ್ತಿದ್ಯ ವಕೀಲಕ್ಕ. ಈ ಸೋಮವಾರ ಕೇಳಿದ್ದಿಲ್ಲೆ. ನಿಂಗ ಅವತ್ತು ಹೇಳಿದ್ದು ತಲೆಲ್ಲೇ ಇತ್ತು. ಇಲ್ಲೂ ಕೇಳಿ ಕೇಳಿ ಕಡೆಗೆ ಇದೂ ಇಲ್ಲೆ ಹೇಳಾದ್ರೆ? ಅದಕ್ಕೇ ಬಾಯಿ ಮುಚ್ಚಿ ದಾಟ್ದ್ಯ.”

“ಮಂಜಜ್ಜ ಇದ್ದರಾ?”

“ಜಗಲಿ ಮೇಲೇ ಕೂತಿದ್ರು. ನೋಡ್ತಾ ಇದ್ರು. ಕುರ್ಚಿ ರಸ್ತೆಗೆ ಇಡೋವರೆಗೂ ಸುಮ್ಮಂಗೆ ಇದ್ರು. ಕಡೆಗೆ ಹಿಂದಿಂದ ಕರ್ದು ಕೇಳಿದ್ರು, ‘ಎಂತಾ ತಂಗೀ, ಇನ್ನು ನಮ್ಮನೆ ಮೇಲೂ ಕೇಸ್ ಹಾಕ್ತ್ಯಾ?’ ಹೇಳಿ.”

ನಾನು ಟಿಪ್ಪಣಿಯ ಹಾಳೆ ಮಗುಚಿಡುವಷ್ಟರಲ್ಲಿ ಅವಳೇ ಮುಂದುವರಿಸಿದಳು.

“ನಾಳೆ ಇವ್ರನ್ನ ಆಸ್ಪತ್ರೆಗೆ ಕರ್ಕಂಡು ಹೋಗಕ್ಕು. ಆನು ಕೇಳ್ಲಾ, ಬ್ಯಾಡದಾ?”

“ಕೇಳು” ಎಂದೆ. ಯೋಚನೆ ಮಾಡದೆ ಬಾಯಿಂದ ಬಂತು. “ಮೊದಲು ಹೋಗಿ ಅಜ್ಜನ ಹತ್ತಿರ ಮಾತಾಡು. ಆಮೇಲೆ ಕೇಳಿಯೇ ದಾಟು.”

ಫೋನಿಟ್ಟ ಮೇಲೆ ಇನ್ನೊಂದು ಚಿಂತೆ ಹಿಡಿಯಿತು. ಮಂಗಳವಾರ ಏನಾಗುತ್ತದೋ ಗೊತ್ತಿಲ್ಲ. ಅಪೀಲು ಸೋತರೆ ಆ ಮನೆಗೆ ಉಳಿಯುವುದು ಮಂಜಜ್ಜನ ಅಂಗಳ ಒಂದೇ. ಅಜ್ಜನಿಗೆ ವಯಸ್ಸಾಗಿದೆ, ಅವರಿಗೂ ಮಗನಿದ್ದಾನೆ.

ನಾಳೆ ಆ ಮಗನೂ ಒಂದು ಗೇಟು ಹಾಕಿದರೆ, ‘ಯಾಕಮ್ಮ ಕೇಳಿದೆ?’ ಎಂಬ ಪ್ರಶ್ನೆಗೆ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕಾದವಳು ನಾಗವೇಣಿಯೋ, ನಾನೋ?