ತಟ್ಟೆ ಬಡಿದ ಮಕ್ಕಳು

ಡೆಂಕಣಿಕೋಟೆಯಾಚೆಯ ಪ್ರಾಥಮಿಕ ಶಾಲೆಯೊಂದಕ್ಕೆ ಮಧ್ಯಾಹ್ನದ ಊಟದ ವ್ಯವಸ್ಥೆ ನೋಡಲು ಹೋಗಿದ್ದೆ. ಮಕ್ಕಳು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಐದನೆಯ ತರಗತಿಯ ದಢೂತಿ ಹುಡುಗನೊಬ್ಬ ಬಂದು, ಒಂದನೆಯ ತರಗತಿಯ ಬಾಲಕನ ತಟ್ಟೆಯಿಂದ ಮೊಟ್ಟೆಯನ್ನು ಎತ್ತಿಕೊಂಡ.

"ಅಳ್ಲಾ, ಅಳು. ನಿಮ್ಮಮ್ಮನ್ನ ಕರ್ಕೊಂಡ್ ಬಾ" ಎಂದು ಅಣಕಿಸಿದ.

ನಾನು ಗದರುವ ಮೊದಲೇ ಬಾಲಕಿಯೊಬ್ಬಳು ಲೋಟದಿಂದ ತನ್ನ ತಟ್ಟೆಯನ್ನು ಬಡಿಯತೊಡಗಿದಳು. ಮರುಕ್ಷಣ ಇಡೀ ಸಾಲೇ ಬಡಿಯಿತು. ಹುಡುಗ ಸುತ್ತ ನೋಡಿ, ಮೊಟ್ಟೆಯನ್ನು ಹಿಂದಕ್ಕಿಟ್ಟು, ತನ್ನ ಜಾಗದತ್ತ ತಿರುಗಿದ. ಸದ್ದು ತಕ್ಷಣ ನಿಂತಿತು. ಯಾರೂ ನಗಲಿಲ್ಲ.

"ಇದನ್ನು ಯಾರು ಕಲಿಸಿದರು?" ಎಂದು ಬಾಲಕಿಯನ್ನು ಕೇಳಿದೆ.

"ಯಾರೂ ಇಲ್ಲ ಸಾರ್. ರಾಗಿ ಹೊಲಕ್ಕೆ ಆನೆ ಬಂದ್ರೆ ನಮ್ಮೂರಲ್ಲಿ ಎಲ್ರೂ ಸೇರಿ ತಗಡು ಬಡೀತೀವಿ."

"ಅವನು ಸೋತು ಹೋಗುವಾಗ ನೀವು ನಗಲಿಲ್ಲವೇಕೆ?"

"ಆನೆ ಕಾಡ್ ಕಡೆ ತಿರುಕ್ಕಂಡ್ರೆ ನಿಲ್ಲಿಸ್ಬುಡ್ಬೇಕು ಸಾರ್. ಅಟ್ಟುಸ್ಕೊಂಡು ಹೋದ್ರೆ ಮತ್ತೆ ಮೇಲೇ ಬತ್ತದೆ."

ಧೈರ್ಯವನ್ನೂ ಸಂಯಮವನ್ನೂ ಒಟ್ಟಿಗೇ ಕಲಿತ ಮಕ್ಕಳನ್ನು ನಾನು ಕಂಡದ್ದು ಅಪರೂಪ. ಅಷ್ಟು ಚೊಕ್ಕವಾಗಿ ನಿಂತ ಗದ್ದಲವನ್ನಂತೂ, ನಾನು ಮೇಷ್ಟರಾಗಿದ್ದಾಗ ಬೆತ್ತ ಹಿಡಿದು ನಡೆಸಿದ ತರಗತಿಗಳಲ್ಲಿ ಒಮ್ಮೆಯೂ ಕಂಡಿಲ್ಲ.